ಬಚ್ಚಲುಮನೆಯ ಚಿಲಕ ಮತ್ತು ನಿಮ್ಮ ಸುರಕ್ಷತಾ ಆದೇಶ

ನಗರಸಭೆಯ ವ್ಯಾಯಾಮ ಕೇಂದ್ರದ ಮೇಲಧಿಕಾರಿಗಳೇ,

ಅರವತ್ತು ದಾಟಿದವರು ಭಾರ ಎತ್ತುವ ಕೋಣೆಗೆ ಕಾಲಿಡಬಾರದೆಂಬ ನಿಮ್ಮ ಆದೇಶ ನನ್ನನ್ನು ಮನೆಯಲ್ಲಿ ಕೂಡಿಹಾಕಿದೆ. 'ಹಿರಿಯರ ಸುರಕ್ಷತೆಗಾಗಿ' ಎಂದು ಬರೆದಿದ್ದೀರಿ. ಯಾವ ಹಿರಿಯರನ್ನು ಕೇಳಿ ಬರೆದಿರಿ?

ನಾನು ಇಸ್ತ್ರಿ ಅಂಗಡಿ ನಡೆಸಿ ಮೂವರು ಮಕ್ಕಳನ್ನು ದಡ ಸೇರಿಸಿದವಳು. ಕೆಂಡ ತುಂಬಿದ ಪೆಟ್ಟಿಗೆ ದಿನವಿಡೀ ಈ ಕೈಯಲ್ಲಿರುತ್ತಿತ್ತು. ಅಂಗಡಿ ಮಗನಿಗೆ ಹೋದ ಮೇಲೆ ಮನೆಯವರೆಲ್ಲ ನನ್ನನ್ನು ಗೌರವಿಸತೊಡಗಿದರು. ಬಿಂದಿಗೆ ಮುಟ್ಟಿದರೆ ಸೊಸೆ ಕಿತ್ತುಕೊಳ್ಳುತ್ತಿದ್ದಳು: "ಅತ್ತೆ, ನೀವು ಸುಮ್ನೆ ಕೂತ್ಕೊಳ್ಳಿ. ನೋಡಿದವ್ರು ನನ್ನ ಬೈತಾರೆ." ಕೂತೆ. ಹಸಿವೂ ಸತ್ತಿತು, ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತ ಕೂತೆ. ಹೀಗೆ ಕೂತು ಕೂತು ಒಂದು ದಿನ ಬಚ್ಚಲುಮನೆಯ ಗಿಡ್ಡ ಮಣೆಯಿಂದ ಏಳಲಾಗಲಿಲ್ಲ. ಒಳಗೆ ಚಿಲಕ, ಹೊರಗೆ ಸೊಸೆಯ ಗಾಬರಿ. ಬಡಗಿ ಬಂದು ಬಾಗಿಲು ಕಳಚಿದ. ಆಗ ನಾನು ಹೇಗಿದ್ದೆನೆಂದು ನಿಮಗೆ ವಿವರಿಸುವುದಿಲ್ಲ.

ಬಾಗಿಲು ಮತ್ತೆ ತನ್ನ ಜಾಗಕ್ಕೆ ಬಂತು, ಚಿಲಕ ಮಾತ್ರ ಮಗನ ಜೇಬು ಸೇರಿತು. "ಆ ಮಣೆಯಿಂದ ಕೈ ಊರದೆ ಎದ್ದು ತೋರ್ಸಮ್ಮ, ಅವತ್ತೇ ಹಾಕಿಸ್ತೀನಿ" ಅಂದ. ಅಂದಿನಿಂದ ನಾನು ಸ್ನಾನಕ್ಕೆ ಕೂತರೆ ಸೊಸೆ ಗಳಿಗೆಗೊಮ್ಮೆ ಬಾಗಿಲು ತಳ್ಳಿ ಇಣುಕುತ್ತಾಳೆ. "ಇದ್ದೀರಾ ಅತ್ತೆ?"

"ಇಲ್ಲ, ಪೇಟೆಗೆ ಹೋಗಿದ್ದೀನಿ."

ಮೂಳೆ ಡಾಕ್ಟರು ಮೂಳೆಯ ಪರೀಕ್ಷೆ ಮಾಡಿಸಿ, ನನ್ನ ತೋಳು ಹಿಡಿದು ನೋಡಿದರು. "ಮೂಳೆ ತೆಳುವಾಗಿದೆಯಮ್ಮ, ಅದನ್ನ ಹಿಡಿದಿಡೋ ಮಾಂಸಖಂಡಾನೂ ಕರಗಿದೆ. ಪ್ರತಿ ಊಟದಲ್ಲೂ ಮೊಟ್ಟೆನೋ ಬೇಳೆನೋ ಮೊಸರೋ ಇರ್ಲಿ. ಆದ್ರೆ ತಿಂದು ಕೂತ್ರೆ ಆಗಲ್ಲ, ಹೇಳಿಕೊಡೋರ ಎದುರು ಭಾರ ಎತ್ತಿ." ಇಟ್ಟಿಗೆ ತಂದು ರಾಶಿ ಹಾಕಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲವೆಂಬುದು ನನಗೆ ಅರ್ಥವಾಯಿತು. ನಿಮ್ಮ ಕೇಂದ್ರಕ್ಕೆ ಬಂದೆ. ಅಲ್ಲಿನ ತರಬೇತುದಾರಳು ಮೊದಲು ಬರಿಗೈಯಲ್ಲಿ ಕುರ್ಚಿಯಿಂದ ಏಳಿಸಿದಳು, ಆಮೇಲೆ ಕೈಗೆ ಡಂಬೆಲ್ ಕೊಟ್ಟಳು.

"ಸಾಕಾ ಅಜ್ಜಿ?"

"ಯಾಕೆ, ನಿಂಗೆ ಸಾಕಾಯ್ತಾ?"

ವಾರ ಕಳೆದಂತೆ ಕುರ್ಚಿ ಹೋಗಿ ಸ್ಟೂಲು ಬಂತು, ಸ್ಟೂಲು ಗಿಡ್ಡವಾಗುತ್ತ ಬಂತು. ನನ್ನ ಬಚ್ಚಲ ಮಣೆಯ ಎತ್ತರಕ್ಕೆ ಇನ್ನೊಂದು ಗೇಣು ಉಳಿದಿತ್ತು. ಅಷ್ಟರಲ್ಲಿ ನಿಮ್ಮ ಆದೇಶ ಬಾಗಿಲಿಗೆ ಅಂಟಿತು.

ಬದಲಿಗೆ ಹೊರಗೊಂದು ಬೆಂಚು ಹಾಕಿಸಿ 'ಹಿರಿಯರಿಗೆ ಮೀಸಲು' ಎಂದು ಬರೆಸಿದ್ದೀರಿ. ಕೂರಿಸುವುದಕ್ಕೆ ನನ್ನ ಸೊಸೆಯೊಬ್ಬಳೇ ಸಾಕಿತ್ತು, ಅದಕ್ಕೊಬ್ಬ ಅಧಿಕಾರಿಯೂ ಬೇಕಿತ್ತೇ? ಭಾರ ಎತ್ತಲು ಹೋಗಿ ಅಲ್ಲಿ ಯಾರಾದರೂ ಬಿದ್ದರೇ? ತರಬೇತುದಾರಳನ್ನು ಕೇಳಿದೆ, ಒಬ್ಬರೂ ಇಲ್ಲವಂತೆ. ಎತ್ತದೆ ಕೂತು ಮಣೆಗೆ ಅಂಟಿಕೊಂಡವಳು ಇಲ್ಲಿದ್ದೇನೆ, ಬಂದು ನೋಡಿ. ಮನೆಯಲ್ಲೇ ಹಳೆಯ ಇಸ್ತ್ರಿ ಪೆಟ್ಟಿಗೆ ಎತ್ತೋಣವೆಂದರೆ ಸೊಸೆ ಅದನ್ನು ಅಟ್ಟಕ್ಕೆ ಹಾಕಿದಳು. "ದೊಡ್ಡ ಆಫೀಸಿನವ್ರೇ ಬೇಡ ಅಂದಿದ್ದಾರಲ್ಲ ಅತ್ತೆ" ಎನ್ನುತ್ತಾಳೆ. ನೋಡಿ, ನಿಮ್ಮ ಒಂದು ಹಾಳೆ ನನ್ನ ಅಡುಗೆಮನೆಯವರೆಗೂ ಆಳುತ್ತಿದೆ.

ಆ ಹಾಳೆಯನ್ನು ಹಿಂಪಡೆಯಿರಿ. ಆಗುವುದಿಲ್ಲವೆಂದರೆ ನಿಮ್ಮ ಮನೆಯ ಬಚ್ಚಲ ಚಿಲಕವನ್ನೂ ತೆಗೆಸಿ, ಒಂದು ವಾರ ಸ್ನಾನ ಮಾಡಿ. ಆಮೇಲೆ ಸುರಕ್ಷತೆಯ ಬಗ್ಗೆ ಮಾತಾಡೋಣ.

ಇಂತಿ,
ಬಾಗಿಲ ಮೇಲೆ ಒಂದು ಕಣ್ಣಿಟ್ಟೇ ಮೈಗೆ ನೀರು ಹಾಕಿಕೊಳ್ಳುವ,
ನಿಮ್ಮ ಸುರಕ್ಷತೆಯಲ್ಲಿರುವ ಒಬ್ಬ ಅತ್ತೆ