ಹಸಿ ಬಿದಿರಿನ ಫಿಲ್ಟರ್

ಹತಕೆಯಾಮಾ ಅಣ್ಣನವರಿಗೆ, ಇಸೋಹಮಾ ಬಂದರಿನಿಂದ ಕಿನುಯೋ ಮಾಡುವ ನಮಸ್ಕಾರ.

ನನ್ನ ಗಂಡನ ದೋಣಿಯಲ್ಲಿ ಮೊದಲು ರೇಡಿಯೋ ನೋಡಿಕೊಳ್ಳುತ್ತಿದ್ದವರು ನೀವು, ಅದಕ್ಕೇ ಬರೆಯುತ್ತಿದ್ದೇನೆ. ಸಮುದ್ರದಿಂದ ಅವರು ಮಾಡುವ ಕರೆಯನ್ನು ಮನೆಯ ರೇಡಿಯೋದಲ್ಲಿ ಪಕ್ಕದ ಸ್ಟೇಷನ್ನಿನ ಹಾಡು ನುಂಗುತ್ತದೆಂದು, ನೀವು ಹೇಳಿದ್ದಂತೆ ಬಿದಿರಿಗೆ ತಂತಿ ಸುತ್ತಿ, ಅವರ ದನಿಯೊಂದನ್ನೇ ಬಿಡುವ ಫಿಲ್ಟರ್ ಕಟ್ಟಿದೆ. ಮೊನ್ನೆ ಬಿರುಗಾಳಿಯಲ್ಲಿ "ಇಂಜಿನ್ ನಿಂತಿದೆ" ಅಂತ ಕೇಳಿಸಿತು. ಎಲ್ಲಿದ್ದೇನೆ ಅಂತ ಅವರು ಹೇಳುವಷ್ಟರಲ್ಲಿ ಮತ್ತೆ ಅದೇ ಹಾಡು.

ಶಾಲೆ ಅರ್ಧಕ್ಕೇ ಬಿಟ್ಟವಳು, ಬಯ್ಯಬೇಡಿ. ನಾನು ಸುತ್ತಿದ್ದು ಹಸಿ ಬಿದಿರಿಗೆ. ಒಲೆ ಪಕ್ಕ ಒಣಗಿ ಕುಗ್ಗಿ, ತಂತಿಯ ಸುತ್ತೆಲ್ಲ ಸಡಿಲವಾಗಿ ಹಾಡು ಒಳಗೆ ನುಸುಳುತ್ತಿದೆ. ಮೀನುಗಾರರ ಸಂಘದವರಿಗೆ ಹೇಳಿದರೆ, "ಗಂಡನ ಚಿಂತೇಲಿ ಕಿವಿ ಏನೇನೋ ಕೇಳ್ಸುತ್ತೆ, ಹೋಗಮ್ಮ" ಅಂತಾರೆ. ಹುಡುಕಲು ದೋಣಿ ಕಳಿಸುವುದಿಲ್ಲ.

ಅತ್ತೆ ದಿನವೂ ಮಗನ ಪಾಲಿನ ಅನ್ನ ಬಡಿಸಿ ಮುಚ್ಚಿಡುತ್ತಾರೆ. ಮುಚ್ಚಳದಲ್ಲಿ ಹನಿ ಕಟ್ಟಿದರೆ ಮಗ ಕ್ಷೇಮ ಅಂತ ಅವರ ನಂಬಿಕೆ. ಇವತ್ತು ಕಟ್ಟಿರಲಿಲ್ಲ. ನಾನು ನೋಡುತ್ತಿಲ್ಲವೆಂದುಕೊಂಡು, ಚಹಾದಲ್ಲಿ ಬೆರಳದ್ದಿ ಮುಚ್ಚಳಕ್ಕೆ ಸವರಿ, "ನೋಡೇ ಅಳುಬುರುಕಿ, ಹೆಂಗೆ ಬೆವ್ತಿದೆ!" ಅಂದರು.

ಹೌದತ್ತೆ ಅಂದೆ.

ಚೆನ್ನಾಗಿ ಒಣಗಿದ ಬಿದಿರು ಹಿಡಿದು ಮೊದಲ ಬಸ್ಸಿಗೇ ಬನ್ನಿ ಅಣ್ಣಾ. ಅವರಿನ್ನೂ ಕರೆಯುತ್ತಿರಬಹುದು.

ನಿಮ್ಮ ದಾರಿ ಕಾಯುವ,
ಕಿನುಯೋ