ಬಳ್ಳಾರಿ ಕಂಪನಿಯ ಖಾತೆ

ಮಸ್ಕಿ, ಕಾರ್ತಿಕ ಮಾಸ, ೧೯೪೭

ಬಳ್ಳಾರಿ ಹತ್ತಿ ಕಂಪನಿ ಸಾವ್ಕಾರ ಚನ್ನವೀರಪ್ಪನವರಿಗೆ ಕಸ್ತೂರೆಮ್ಮ ಮಾಡುವ ಶರಣು.

ನಾ ನಿಮ್ಮ ಏಜೆಂಟ್ ಕರಿಬಸಪ್ಪನವರ ಹೆಂಡತಿ. ಗಂಡನ ಹೆಸರು ಬರೀಬಾರದು, ನಿಮಗ ಗುರುತು ಸಿಗಲಿ ಅಂತ ಬರದೀನಿ.

ಇಲ್ಲಿ ರೈತರು ಹತ್ತಿಗೆ ನಿಮ್ಮ ಕಡಿ ರೂಪಾಯಿ ಒಲ್ಲೆಂದು ನಿಜಾಮರ ಹಾಲಿ ಸಿಕ್ಕಾ ರೂಪಾಯಿನೇ ಕೇಳ್ತಾರ, ರಾಯಚೂರು ಬ್ಯಾಂಕಿನ್ಯಾಗ ಕಂಪನಿ ಹೆಸರಿಲೆ ಖಾತೆ ತೆರಿ ಅಂತ ನೀವೇ ಅವರನ್ನ ಕಳಿಸಿದ್ರಿ. ಬ್ಯಾಂಕಿನವರು "ಈ ಕಂಪನಿ ನಮ್ಮ ನಿಜಾಮರ ಮುಲಕಿಂದಲ್ಲ, ಹಿಂದೂಸ್ತಾನದ್ದು. ನೀ ಯಾರ ಕಡಿಯಾಂವ?" ಅಂತ ಕೂಡಿಸಿಕೊಂಡು ಪೊಲೀಸರನ್ನ ಕರಸಿದರಂತ. ಈಗಿನ ಕಾಲ ನಿಮಗ ಗೊತ್ತದ. ಹಿಂದೂಸ್ತಾನದ ಗೂಢಚಾರ ಅಂತ ಜೇಲಿಗೆ ಹಾಕ್ಯಾರ.

"ಸಾವ್ಕಾರ್ರು ಬರದು ಕೊಟ್ರ ಬಿಡ್ತೀವಿ" ಅಂತ ಪೊಲೀಸರು ಅಂದದ್ದಕ್ಕ ಮೈದುನ ಬಸ್ಸಪ್ಪ ಹೊಳಿ ದಾಟಿ ನಿಮ್ಮಲ್ಲಿಗೆ ಬಂದಿದ್ದ. "ಖಾತೇನ ಆಗಲಿಲ್ಲ, ಅಂವ ನಮ್ಮ ಏಜೆಂಟ್ ಹೆಂಗಾದಾನು? ನಮಗ ಗುರುತಿಲ್ಲ" ಅಂತ ನೀವು ಅಂದ್ರಂತ. ಹೋದ ಸುಗ್ಗ್ಯಾಗ ನಮ್ಮ ಪಡಸಾಲ್ಯಾಗ ಉಂಡು, ನಮ್ಮ ಕೂಸಿನ್ನ ತೊಡಿಮ್ಯಾಲ ಕೂಡಿಸಿಕೊಂಡಿದ್ರಿ.

ಬೈಯಾಕ ಬರೆದದ್ದಲ್ರಿ. "ಈತ ನಮ್ಮ ಕೆಲಸಕ್ಕ ಹೋದವ" ಅಂತ ಒಂದು ಸಾಲು ಬರದು ಸಹಿ ಮಾಡ್ರಿ, ಉರ್ದುವಿನ್ಯಾಗಿದ್ರ ಚಲೋ. ಬ್ಯಾರೆ ಏನೂ ಕೇಳೂದಿಲ್ಲ.

ಜೇಲಿನ್ಯಾಗ ಅವರಿಗೆ ಜ್ವರ ಬಿಡವಲ್ದು. ನೀವು ಅಂದ ಮಾತು ನಾ ಹೇಳಿಲ್ಲ. ನೋಡಾಕ ಹೋದಾಗೆಲ್ಲ, "ಸಾವ್ಕಾರ್ರ ಕಾಗದ ಬಂತೇನು?" ಅಂತಾರ. "ದಾರ್ಯಾಗ ಐತಿ" ಅಂತೀನಿ. ನೀವು ಬರಿಯೂದಿಲ್ಲ ಅಂದ್ರ, ಇನ್ನ ಅವರಿಗೆ ಏನು ಹೇಳಲಿ, ಅದನ್ನಾದ್ರೂ ತಿಳಸ್ರಿ.

ಇಂತಿ,
ಕಸ್ತೂರೆಮ್ಮ