ತೆಗೆದುಕೊಂಡದ್ದನ್ನು ಹೇಳಲಿ

ಶಂಕರಪುರ
೯ ನವೆಂಬರ್ ೨೦೨೫

ಅಕ್ಷಿತಾ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ. ಒಬ್ಬ ಸರ್ ಮುಖ ಸಿಂಡರಿಸಿದರೆಂದು ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು ತೆಗೆದುಹಾಕುತ್ತೀಯಂತೆ. ಮಣಿಪಾಲದಲ್ಲಿ ತಲೆ ತಗ್ಗಿಸುವುದಕ್ಕೂ ಒಂದು ಕ್ಲಾಸ್ ಉಂಟೋ ಎಂತ?

ನನ್ನದು ನಾಲ್ಕನೇ ಕ್ಲಾಸಿನ ವಿದ್ಯೆ. ಆದರೂ ನೀನು ಮಾಡಿದ ಬೀಜಗಣಿತದ ಕಂಪ್ಯೂಟರ್ ಪ್ರೋಗ್ರಾಮಿನ ಗುಣ ನನಗೆ ಗೊತ್ತುಂಟು. ಬೇಸಗೆ ರಜೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಟೈಪ್ ಮಾಡಿದ್ದಲ್ವಾ? ‘ಎ’ ಅಕ್ಷರಕ್ಕೆ ಇಂಥ ಬೆಲೆ ಎಂದು ನೀನು ಕೊಟ್ಟರೆ ಅದು ತೆಗೆದುಕೊಂಡು ಬಾಯಿ ಹೊಲಿದುಕೊಂಡು ಕೂರುತ್ತದೆ. ಎಂತ ತೆಗೆದುಕೊಂಡಿತೆಂದು ಒಂದು ಮಾತಿಲ್ಲ. ನೀನು ಕಳೆಯುವ ಗುರುತು ಹಾಕಲು ಮರೆತಿದ್ದೆ. ಮಧ್ಯಾಹ್ನವಿಡೀ ತಪ್ಪು ಲೆಕ್ಕ ಉದ್ದವಾಗುತ್ತಾ ಹೋಯಿತು, ನೀನು ಊಟ ಬಿಟ್ಟು ಅಳುತ್ತಾ ಕೂತೆ.

ಅದು ಯಾಕೆ ಹೇಳುವುದಿಲ್ಲ ಎಂದು ಕೇಳಿದವಳು ನಾನು. ನಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುವ ಮರೆಮ್ಮ ಕಟ್ಟಿ ಸುತ್ತಿದ ಹೂವಿನ ಚೆಂಡು ಕೊಟ್ಟರೆ, ಪೇಟೆಗೆ ಒಯ್ಯಲು ಬುಟ್ಟಿಗೆ ಹಾಕಿಕೊಳ್ಳುವವಳು ‘ಇಂಥವಳದ್ದು, ಇಷ್ಟು ಬಂತು’ ಎಂದು ಗಟ್ಟಿಯಾಗಿ ಹೇಳಲೇಬೇಕು. ಹೇಳದಿದ್ದರೆ ಮರೆಮ್ಮ ಚೆಂಡಿನಿಂದ ಕೈ ತೆಗೆಯುವುದೇ ಇಲ್ಲ. ತಪ್ಪಿದ್ದರೆ ಜಗಲಿಯಲ್ಲೇ ಸರಿಯಾಗುತ್ತದೆ, ಉಡುಪಿ ಪೇಟೆಗೆ ಹೋಗಿ ಜಗಳವಾಗುವುದು ತಪ್ಪುತ್ತದೆ.

ಅದನ್ನು ಕೇಳಿಯೇ ನೀನು ಪ್ರೋಗ್ರಾಮಿಗೆ ಹೊಸ ಕ್ರಮ ಕಲಿಸಿದೆ. ಬೆಲೆ ಕೊಟ್ಟ ಕೂಡಲೇ, ಯಾರೂ ಕೇಳದೆಯೇ, ಆ ಹೆಸರೂ ಬೆಲೆಯೂ ಕೆಳಗೆ ಬಂದು ನಿಲ್ಲುತ್ತವೆ. ಈಗ ಪ್ರಾಜೆಕ್ಟ್ ನೋಡುವ ನಿನ್ನ ಬೆಂಜಮಿನ್ ಸರ್, ‘ಪುಟ ಸುಮ್ಮನೆ ತುಂಬುತ್ತದೆ, ತಿಳಿದವರಿಗೆ ಇದು ಬೇಡ, ಮಕ್ಕಳ ಸ್ಲೇಟಿನ ಹಾಗೆ ಕಾಣುತ್ತದೆ’ ಎಂದರಂತೆ. ತಿಳಿದವರು ಬೇಡವಾದರೆ ಅದನ್ನು ಮರೆಮಾಡಿಕೊಳ್ಳಲಿ ಮಾರಾಯ್ತಿ, ಅದಕ್ಕೊಂದು ಒತ್ತುವ ಗುಂಡಿ ಇಡು. ತಾನಾಗಿ ತೋರಿಸುವುದನ್ನು ಮಾತ್ರ ತೆಗೆಯಬೇಡ. ಪ್ರಾಜೆಕ್ಟಿಗೆ ಮಾರ್ಕು ಕಡಿಮೆ ಬಂದರೆ ನಾನೇನು ನಿನಗೆ ಊಟ ಹಾಕದೆ ಇರುತ್ತೇನಾ? ಪುನಃ ಅವರ ಎದುರು ಹೋಗು. ಬೇಸಗೆಯ ನಿನ್ನ ಆ ತಪ್ಪು ಲೆಕ್ಕವನ್ನೇ ಅವರ ಮುಂದಿಟ್ಟು, ತಪ್ಪೆಲ್ಲಿ ಉಂಟೆಂದು ಹುಡುಕಲು ಹೇಳು.

ಬೈದರೂ ನಿನ್ನವಳೇ ಆದ
ಅಜ್ಜಿ ವಾರಿಜಾ

ತಾ.ಕ.: ಮನೆಯ ಲ್ಯಾಪ್‌ಟಾಪಿನಲ್ಲಿ ಇರುವುದನ್ನೂ ಪಕ್ಕದ ಮನೆಯ ಜೋಸ್ಲಿನ್ ಟೀಚರ್ ಹತ್ತಿರ ಅಳಿಸಲು ಹೇಳು ಎಂದು ಫೋನಿನಲ್ಲಿ ಹೇಳಿದ್ದೆಯಲ್ಲ. ನಾನು ಆಯ್ತು ಎಂದೆ. ಅವರನ್ನು ಕರೆದದ್ದು ನಿಜ, ಆದರೆ ಅಳಿಸಲಿಲ್ಲ, ಪೆನ್‌ಡ್ರೈವಿಗೆ ಹಾಕಿಸಿ ಅವರಿಗೇ ಕೊಟ್ಟೆ. ಕಾಪುವಿನ ಅವರ ಟ್ಯೂಷನ್ ಮಕ್ಕಳು ಈಗ ಅದರಲ್ಲೇ ಲೆಕ್ಕ ಮಾಡುತ್ತಿದ್ದಾರೆ, ತಪ್ಪನ್ನು ಅದು ಆದ ಸಾಲಿನಲ್ಲೇ ಹಿಡಿಯುತ್ತಾರಂತೆ. ಹಾಗಾಗಿ ನೀನು ತೆಗೆದರೂ ಅದು ಹೋಗುವುದಿಲ್ಲ. ಸರ್ ಕೇಳಿದರೆ ನನ್ನ ಹೆಸರು ಹೇಳು. ಎಂತ ಮಾಡಿದೆಯೆಂದು ಡಿಸೆಂಬರ್ ಬರುವ ಮೊದಲು ನನಗೆ ಕಾಗದ ಬರಬೇಕು.